ಕಬ್ಬಿನ ಹಾಲು, ಸಿಲಿಕಾನ್ ಉಂಗುರ, ಮಧ್ಯಾಹ್ನದ ಸೆಕೆ: ಒಂದು ಪ್ರಕರಣ ಅಧ್ಯಯನ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮೈಸೂರಿನ ನಮ್ಮ ಪ್ರಯೋಗಾಲಯದ ಪರದೆಯ ಮೇಲೆ 23 ಎಂಬ ಸಂಖ್ಯೆ ಮೂಡಿತು. ಮಂಡ್ಯದ ಹತ್ತಿರದ ಆಲೆಮನೆಯೊಂದರಿಂದ ಅದೇ ಬೆಳಿಗ್ಗೆ ಫ್ಲಾಸ್ಕಿನಲ್ಲಿ ರೈಲು ಹತ್ತಿ ಬಂದಿದ್ದ ಕಬ್ಬಿನ ಹಾಲಿನ ಬ್ರಿಕ್ಸ್ ಅದು. ಅಂದರೆ ನೂರು ಗ್ರಾಂ ಹಾಲಿನಲ್ಲಿ 23 ಗ್ರಾಂ ಕರಗಿದ ಘನವಸ್ತು, ಅದರಲ್ಲಿ ಬಹುಪಾಲು ಸಕ್ಕರೆ. ಅಳೆದದ್ದು 20 ಮೈಕ್ರೋಮೀಟರ್ ಅಡ್ಡಳತೆಯ ಒಂದು ಸಿಲಿಕಾನ್ ಉಂಗುರ. ತಲೆಗೂದಲೊಂದನ್ನು ಅಡ್ಡ ಕೊಯ್ದರೆ ಆ ಕೊಯ್ದ ಮುಖದ ಮೇಲೆ ಇಂಥ ನಾಲ್ಕಾರು ಉಂಗುರ ಕೂರಿಸಬಹುದು. ಪ್ರಯೋಗ ಮಾಡುತ್ತಿದ್ದ ಎಂ.ಟೆಕ್ ಹುಡುಗಿ ಆ ಆಲೆಮನೆಯವರ ಮಗಳೇ. ಖುಷಿ ತಡೆಯದೆ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

“ಇಪ್ಪತ್ಮೂರಾ? ಅಂಗೆಲ್ಲಾ ಬರಕ್ಕಿಲ್ಲ ಕಣವ್ವ. ಹಾಲು ತುಂಬ್ಸೋವಾಗ್ಲೇ ನಾನು ನೋಡಿವ್ನಿ, ಹತ್ತೊಂಬತ್ತಿತ್ತು. ನಿಮ್ ಮೇಷ್ಟ್ರಿಗೆ ಇನ್ನೊಂದ್ ಕಿತ ವಸಿ ನೋಡಕ್ಕೇಳು.”

ಅವರು ಹೇಳಿದ್ದೇ ಸರಿಯಾಗಿತ್ತು. ಅವರ ಕೈಯಲ್ಲಿದ್ದದ್ದು ಪೆನ್ ಟಾರ್ಚಿನಷ್ಟುದ್ದದ ರಿಫ್ರಾಕ್ಟೋಮೀಟರ್. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಕಣ್ಣಿಟ್ಟು ಬ್ರಿಕ್ಸ್ ನೋಡುವ ಸಾಧನ. ನಮ್ಮದು ದೂಳಿಲ್ಲದ ಕ್ಲೀನ್‌ರೂಮಿನಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬರೆಸಿ, ಬಣ್ಣ ಬದಲಿಸಬಲ್ಲ ಟ್ಯೂನಬಲ್ ಲೇಸರ್ ಇಟ್ಟು ಓದುವ ಚಿಪ್. ತಪ್ಪಿದ್ದು ನಮ್ಮದು. ಆ ನಾಲ್ಕು ಬ್ರಿಕ್ಸ್ ಎಲ್ಲಿಂದ ಬಂತೆಂದು ಪತ್ತೆ ಹಚ್ಚಲು ಹನ್ನೊಂದು ದಿನ ಹಿಡಿಯಿತು. ಬೆಳಕಿನ ಉಂಗುರಗಳ ಮೇಲೆ ಕೆಲಸ ಶುರುಮಾಡುವ ಯಾವುದೇ ಹೊಸ ತಂಡ ಇದೇ ಜಾಗದಲ್ಲಿ ಎಡವುವ ಸಾಧ್ಯತೆ ಇದೆ. ಅದಕ್ಕೇ ಪ್ರಕರಣವನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ.

ಉಂಗುರದೊಳಗೆ ಬೆಳಕು

ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತವರಿಗೆ ಈ ವಿಷಯದ ಅರ್ಧ ಆಗಲೇ ಗೊತ್ತು. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಶಬ್ದವು ಬಾಗಿದ ಗೋಡೆಯನ್ನು ಬಿಡದೆ ಅಂಟಿಕೊಂಡು ಸುತ್ತುತ್ತದೆ ಎಂದು ವಿವರಿಸಿದವರು ಲಾರ್ಡ್ ರ್‍ಯಾಲೆ. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ಲಿನ ಗ್ಯಾಲರಿಯಲ್ಲಿ ಸದರ್‌ಲ್ಯಾಂಡ್ ಜೊತೆ ಪ್ರಯೋಗ ಮಾಡಿದ ಸಿ.ವಿ. ರಾಮನ್ ಗೋಲಗುಮ್ಮಟದಂಥ ನಮ್ಮ ನಾಡಿನ ಗ್ಯಾಲರಿಗಳನ್ನೂ ಪರೀಕ್ಷಿಸಿದರು. ಬೆಳಕನ್ನೂ ಹೀಗೆ ಉಂಗುರದಲ್ಲಿ ಸುತ್ತಿಸಿ ಬಣ್ಣ ಬಣ್ಣ ಬೇರ್ಪಡಿಸಬಹುದೆಂದು 1969ರಲ್ಲಿ ಬೆಲ್ ಪ್ರಯೋಗಾಲಯದ ಮಾರ್ಕಟೀಲಿ ಲೆಕ್ಕ ಹಾಕಿ ತೋರಿಸಿದರು. ಆಗ ಅಷ್ಟು ಚಿಕ್ಕ ಉಂಗುರ ಮಾಡುವ ಕೈಚಳಕ ಯಾರಿಗೂ ಇರಲಿಲ್ಲ.

ಇವತ್ತು ಇದೆ. ಗಾಜಿನ ಪದರದ ಮೇಲೆ 220 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಹಾಳೆ ಇರುತ್ತದೆ. ಅದರಲ್ಲಿ 450 ನ್ಯಾನೋಮೀಟರ್ ಅಗಲದ ಗೆರೆ ಉಳಿಸಿ ಮಿಕ್ಕಿದ್ದನ್ನು ಕೆತ್ತಿ ತೆಗೆದರೆ ಬೆಳಕು ಹರಿಯುವ ಕಾಲುವೆ ಸಿಕ್ಕಿತು. ಸಿಲಿಕಾನಿನ ವಕ್ರೀಭವನ ಸೂಚ್ಯಂಕ (ವಸ್ತುವಿನೊಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆಂಬ ಅಳತೆ) ಸುಮಾರು 3.48, ಕೆಳಗಿನ ಗಾಜಿನದು 1.44. ವ್ಯತ್ಯಾಸ ಇಷ್ಟು ದೊಡ್ಡದಿರುವುದರಿಂದ ಬೆಳಕು ತೀರಾ ಬಿಗಿಯಾದ ತಿರುವಿನಲ್ಲೂ ಹೊರಗೆ ಚೆಲ್ಲುವುದಿಲ್ಲ. ಒಂದು ನೇರ ಕಾಲುವೆ, ಅದರ ಮಗ್ಗುಲಲ್ಲಿ 200 ನ್ಯಾನೋಮೀಟರ್ ಸಂದು ಬಿಟ್ಟು 10 ಮೈಕ್ರೋಮೀಟರ್ ತ್ರಿಜ್ಯದ ಉಂಗುರ. ಇವೆರಡರ ನಡುವೆ ಬಾಗಿಲಿಲ್ಲ, ತೂಬಿಲ್ಲ. ನಾಲೆ ಏರಿ ಒಡೆಯದಿದ್ದರೂ ಪಕ್ಕದ ಗದ್ದೆಗೆ ನೀರು ಜಿನುಗುವುದನ್ನು ಮಂಡ್ಯದವರು ದಿನಾ ನೋಡುತ್ತಾರಲ್ಲ, ಹಾಗೆ ಬೆಳಕು ಸಂದು ದಾಟಿ ಉಂಗುರಕ್ಕೆ ಜಿನುಗುತ್ತದೆ.

ಜಿನುಗಿದ ಬೆಳಕು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಬರುವಾಗ ಅಲೆಯ ಏರು ಏರಿಗೇ ಸೇರಿದರೆ ಸುತ್ತು ಸುತ್ತಿಗೂ ಬೆಳಕು ಕೂಡುತ್ತಾ ಹೋಗುತ್ತದೆ. ಇದೇ ಅನುರಣನ. ನಮ್ಮ ಉಂಗುರದ ಪರಿಧಿಯಲ್ಲಿ 1550 ನ್ಯಾನೋಮೀಟರ್ ಬೆಳಕಿನ ಸುಮಾರು 97 ಅಲೆಗಳು ಹಿಡಿಸುತ್ತವೆ. ಸರಿಯಾಗಿ 97 ಹಿಡಿಸುವ ಬಣ್ಣ ಉಂಗುರದಲ್ಲಿ ಸಿಕ್ಕಿಕೊಳ್ಳುತ್ತದೆ, ನೇರ ಕಾಲುವೆಯ ಕೊನೆಯಲ್ಲಿ ಆ ಬಣ್ಣ ಕಾಣೆಯಾಗುತ್ತದೆ. ಲೇಸರಿನ ತರಂಗಾಂತರವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಗ್ರಾಫ್ ಬರೆದರೆ ಅಲ್ಲೊಂದು ಕಡಿದಾದ ಗುಂಡಿ ಬೀಳುತ್ತದೆ. 98 ಅಲೆ ಹಿಡಿಸುವ ಬಣ್ಣಕ್ಕೆ ಇನ್ನೊಂದು, 96ಕ್ಕೆ ಮತ್ತೊಂದು. ಬಾಚಣಿಗೆಯ ಹಲ್ಲಿನ ಹಾಗೆ, ಒಂದರಿಂದ ಒಂದಕ್ಕೆ ಸುಮಾರು 9 ನ್ಯಾನೋಮೀಟರ್ ಅಂತರ. ಒಂದೊಂದು ಗುಂಡಿಯ ಅಗಲ ನಮ್ಮಲ್ಲಿ 0.1 ನ್ಯಾನೋಮೀಟರ್. ಇಷ್ಟು ಸಣ್ಣ ಗುಂಡಿ ಕೂದಲೆಳೆಯಷ್ಟು ಸರಿದರೂ ಗೊತ್ತಾಗುತ್ತದೆ. ಉಂಗುರದ ಶಕ್ತಿ ಇರುವುದು ಇಲ್ಲಿ. ಪ್ರಕರಣದ ತೊಂದರೆ ಹುಟ್ಟಿದ್ದೂ ಇಲ್ಲೇ.

ಸಂವೇದಕವಾಗಿ ಬಳಸುವ ಉಪಾಯ ಸರಳ. ಬೆಳಕು ಪೂರ್ತಿ ಸಿಲಿಕಾನಿನೊಳಗೇ ಇರುವುದಿಲ್ಲ. ಅದರ ಒಂದು ಸೆರಗು ನೂರಿನ್ನೂರು ನ್ಯಾನೋಮೀಟರ್ ಹೊರಗೆ ಚಾಚಿರುತ್ತದೆ. ಉಂಗುರದ ಮೇಲೆ ನೀರಿದ್ದರೆ ಸೆರಗು ನೀರಿನಲ್ಲಿ, ಸಕ್ಕರೆ ನೀರಿದ್ದರೆ ಸಕ್ಕರೆ ನೀರಿನಲ್ಲಿ. ಮೇಲಿನ ದ್ರವದ ಸೂಚ್ಯಂಕ ಹೆಚ್ಚಿದರೆ ಗುಂಡಿ ಉದ್ದ ತರಂಗಾಂತರದ ಕಡೆಗೆ ಸರಿಯುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ಇಂಥ ಉಂಗುರದಲ್ಲಿ ಸೂಚ್ಯಂಕದ ಒಂದು ಪೂರ್ಣ ಏಕಮಾನಕ್ಕೆ 70 ನ್ಯಾನೋಮೀಟರ್ ಸರಿತ ಅಳೆದಿತ್ತು. ನೀರಿನ ಸೂಚ್ಯಂಕ 1.3330, 20 ಬ್ರಿಕ್ಸ್ ಸಕ್ಕರೆ ದ್ರಾವಣದ್ದು 1.3639. ವ್ಯತ್ಯಾಸವನ್ನು 70ರಿಂದ ಗುಣಿಸಿದರೆ 2.16 ನ್ಯಾನೋಮೀಟರ್. ಅಂದರೆ ಒಂದು ಬ್ರಿಕ್ಸಿಗೆ 0.1ರ ಮೇಲೆ ತುಸು, ಹೆಚ್ಚುಕಡಿಮೆ ಗುಂಡಿಯ ಅಗಲದಷ್ಟೇ. ಕಣ್ಣಿಗೆ ಕಾಣುವ ಸರಿತ.

ಕೆಲವೇ ಸಾವಿರ ರೂಪಾಯಿಯ ಕೈಸಾಧನ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ರೈತನೊಬ್ಬ ಕಟಾವಿನ ಹದ ನೋಡಲು ಕೈಸಾಧನ ಧಾರಾಳವಾಗಿ ಸಾಕು, ಅದನ್ನು ಕಿತ್ತು ಚಿಪ್ ಕೊಡುವ ಹುಚ್ಚು ನನಗಿಲ್ಲ. ಆದರೆ ಕೊಳವೆಯಲ್ಲಿ ಹರಿಯುವ ಹಾಲನ್ನು ಬಿಡುವಿಲ್ಲದೆ ನೋಡುತ್ತಿರಬೇಕಾದರೆ, ಒಂದೇ ಹನಿಯಲ್ಲಿ ಹತ್ತಾರು ಉಂಗುರ ಇಟ್ಟು ಬೇರೆ ಬೇರೆ ಲೇಪದಿಂದ ಬೇರೆ ಬೇರೆ ವಸ್ತು ಹಿಡಿಯಬೇಕಾದರೆ ಉಂಗುರಕ್ಕೆ ಸಾಟಿ ಕಡಿಮೆ. ಅದಕ್ಕೆ ಮೊದಲ ಮೆಟ್ಟಿಲಾಗಿ ಉತ್ತರ ಮೊದಲೇ ಗೊತ್ತಿರುವ ದ್ರವ ಬೇಕಿತ್ತು. ಮಂಡ್ಯದ ಹುಡುಗಿ ಕಬ್ಬಿನ ಹಾಲು ಎಂದಳು, ಒಪ್ಪಿದೆ.

ಬೆಳಗಿನ ಗೆರೆ

ಪ್ರಯೋಗದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಕ್ಯಾಲಿಬ್ರೇಶನ್. ಸಕ್ಕರೆ ತೂಗಿ 0, 5, 10, 15, 20 ಬ್ರಿಕ್ಸ್ ದ್ರಾವಣ ಮಾಡಿಟ್ಟಿದ್ದೆವು. ಸಿರಿಂಜ್ ಪಂಪಿನಿಂದ ಒಂದೊಂದನ್ನೇ ಚಿಪ್ಪಿನ ಮೇಲೆ ಹರಿಸಿ ಗುಂಡಿ ಎಲ್ಲಿ ಬಿತ್ತೆಂದು ಗುರುತು ಹಾಕಿಕೊಂಡೆವು. ಐದು ಚುಕ್ಕಿಗಳೂ ಒಂದೇ ಗೆರೆಯ ಮೇಲೆ ಕೂತವು. ಲೆಕ್ಕ ಹೇಳಿದ್ದಕ್ಕೂ ನೋಟಕ್ಕೂ ಎಷ್ಟು ಹೊಂದಿಕೆ ಇತ್ತೆಂದರೆ ನಾನು ಆ ಗ್ರಾಫನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದೆ. ಎಲ್ಲ ಮುಗಿಯುವಾಗ ಹತ್ತೂವರೆ.

ಕಬ್ಬಿನ ಹಾಲಿನ ಸರದಿ ಬಂದದ್ದು ಮಧ್ಯಾಹ್ನ ಎರಡೂವರೆಗೆ. ಬಟ್ಟೆಯಲ್ಲಿ ಸೋಸಿ, ಮತ್ತೆ ಸೂಕ್ಷ್ಮ ಫಿಲ್ಟರಿನಲ್ಲಿ ಸೋಸಿ, ಹರಿಸಿದೆವು. 23.

ಫೋನ್ ಆದಮೇಲೆ ಹಾಲು ತೆಗೆದು ಬಟ್ಟಿ ಇಳಿಸಿದ ನೀರು ಬಿಟ್ಟೆವು. ಗುಂಡಿ ಬೆಳಗಿನ ಸೊನ್ನೆಗೆ ವಾಪಸ್ ಬರಬೇಕಿತ್ತು. ಬರಲಿಲ್ಲ, 0.4 ನ್ಯಾನೋಮೀಟರ್ ಆಚೆಗೇ ನಿಂತಿತು. ನನಗೆ ಕೂಡಲೇ ಹೊಳೆದದ್ದು ಕೊಳೆ. ಹಸಿ ಹಾಲಿನಲ್ಲಿ ಪ್ರೋಟೀನ್ ಇದೆ, ಕಬ್ಬಿನ ಮೈಮೇಲಿನ ಮೇಣ ಇದೆ, ಅಂಟು ಇದೆ. ಅವು ಸಿಲಿಕಾನಿಗೆ ಅಂಟಿ ತೆಳುಪರೆ ಕಟ್ಟಿದರೆ ಸೆರಗು ಆ ಪರೆಯಲ್ಲೇ ಸಿಕ್ಕಿಬೀಳುತ್ತದೆ, ಓದು ಏರುತ್ತದೆ. ಕಾರಣ ಎಷ್ಟು ಸಲೀಸಾಗಿ ಸಿಕ್ಕಿತೆಂದರೆ ಬೇರೆ ಹುಡುಕುವ ಮನಸ್ಸೇ ಬರಲಿಲ್ಲ. ಅಸಿಟೋನಿನಲ್ಲಿ ತೊಳೆದೆವು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದೆವು, ಸಾರಜನಕದ ಗಾಳಿ ಬಿಟ್ಟು ಒಣಗಿಸಿದೆವು. ನೀರು ಬಿಟ್ಟರೆ ಮತ್ತೆ ಅದೇ 0.4. ಸಂಜೆ ಸೋತು ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಅವಳೇ ಮೊದಲು ಬಂದು ನೀರು ಹರಿಸಿ ನೋಡಿದ್ದಾಳೆ. ಗುಂಡಿ ಸರಿಯಾಗಿ ಸೊನ್ನೆಯಲ್ಲಿ!

“ಸರ್, ರಾತ್ರಿ ಯಾರಾದ್ರೂ ಚಿಪ್ ತೊಳೆದ್ರಾ?”

“ಬೀಗದ ಕೈ ನನ್ನ ಹತ್ರನೇ ಇತ್ತಲ್ಲಮ್ಮ.”

ಯಾರೂ ಮುಟ್ಟಿರಲಿಲ್ಲ. ಮುಟ್ಟದೆ ಕೊಳೆ ಹೋಗುವುದಿಲ್ಲ. ಅಲ್ಲಿಗೆ ಕೊಳೆಯ ವಾದ ಬಿದ್ದುಹೋಗಬೇಕಿತ್ತು. ಆದರೂ ನಾನು ಇನ್ನೂ ಒಂದು ವಾರ ಅದನ್ನೇ ಹಿಡಿದುಕೊಂಡೆ. ಬೇರೆ ಬೇರೆ ಸೋಪುನೀರು, ಬೇರೆ ಫಿಲ್ಟರ್, ಹೊಸ ಕೊಳವೆ. ಪ್ರತಿ ಮಧ್ಯಾಹ್ನ ಚಿಪ್ “ಕೊಳೆಯಾಗುತ್ತಿತ್ತು”, ಪ್ರತಿ ಬೆಳಿಗ್ಗೆ “ಶುದ್ಧವಾಗುತ್ತಿತ್ತು”.

ಗಂಟು ಬಿಡಿಸಿದ್ದು ಒಂದು ಪವರ್ ಕಟ್. ಅವತ್ತು ಬರೀ ನೀರು ಹರಿಸುತ್ತಾ ಎರಡು ನಿಮಿಷಕ್ಕೊಮ್ಮೆ ಗುಂಡಿಯ ಜಾಗ ದಾಖಲಿಸುತ್ತಿದ್ದೆವು. ಲೇಸರ್, ಕಂಪ್ಯೂಟರ್, ಪಂಪ್ ಯುಪಿಎಸ್ ಮೇಲಿದ್ದವು, ಫ್ಯಾನ್ ಇರಲಿಲ್ಲ. ಹನ್ನೆರಡು ಗಂಟೆಗೆ ಕರೆಂಟ್ ಹೋಯಿತು. ಹೋದ ಹತ್ತು ನಿಮಿಷಕ್ಕೆ ಪರದೆಯ ಗೆರೆ ಮೇಲಕ್ಕೆ ಬಾಗತೊಡಗಿತು. ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂದು ಫ್ಯಾನ್ ತಿರುಗಿದಾಗ ಅದೇ ಗೆರೆ ತಗ್ಗಿತು. ಚಿಪ್ಪಿನ ಮೇಲೆ ಅಷ್ಟು ಹೊತ್ತೂ ಇದ್ದದ್ದು ನೀರು ಮಾತ್ರ. ಅವಳು ಸೆರಗಿನ ತುದಿಯಿಂದ ಹಣೆ ಒರೆಸಿಕೊಳ್ಳುತ್ತಾ ಗೆರೆಯನ್ನೇ ನೋಡುತ್ತಿದ್ದವಳು, “ಸರ್, ಇದಕ್ಕೂ ಸೆಕೆ ಆಗ್ತಿದೆ” ಎಂದಳು.

ಸಂಜೆಯೊಳಗೆ ಚಿಪ್ ಕೂತಿದ್ದ ಲೋಹದ ಪೀಠಕ್ಕೆ ಉಷ್ಣಾಂಶ ಅಳೆಯುವ ಒಂದು ಥರ್ಮಿಸ್ಟರ್ ಅಂಟಿಸಿದೆವು. ರಾತ್ರಿಯಿಡೀ ದಾಖಲಿಸಿದ ಉಷ್ಣಾಂಶವನ್ನು ಒಂದು ಅಕ್ಷಕ್ಕೆ, ಗುಂಡಿಯ ಜಾಗವನ್ನು ಇನ್ನೊಂದಕ್ಕೆ ಹಾಕಿದಾಗ ಬಂದ ಗೆರೆ, ಗೋಡೆಯ ಮೇಲಿನ ಸಕ್ಕರೆಯ ಗೆರೆಗಿಂತಲೂ ನೆಟ್ಟಗಿತ್ತು. ಒಂದು ಡಿಗ್ರಿಗೆ 0.07 ನ್ಯಾನೋಮೀಟರ್.

ಒಂದು ಡಿಗ್ರಿ ಎಷ್ಟು ಬ್ರಿಕ್ಸ್

ಬೆಳಿಗ್ಗೆ ಕ್ಯಾಲಿಬ್ರೇಶನ್ ಮಾಡುವಾಗ ಪೀಠ 25 ಡಿಗ್ರಿ ಇತ್ತು. ಮಧ್ಯಾಹ್ನ ಎರಡೂವರೆಗೆ ಅದೇ ಪೀಠ 31ರ ಆಸುಪಾಸು ಇರುತ್ತದೆಂದು ಥರ್ಮಿಸ್ಟರ್ ಮುಂದಿನ ದಿನಗಳಲ್ಲಿ ತೋರಿಸಿತು. ಆರು ಡಿಗ್ರಿಗೆ 0.42 ನ್ಯಾನೋಮೀಟರ್. ಒಂದು ಬ್ರಿಕ್ಸಿಗೆ 0.108ರಂತೆ ಭಾಗಿಸಿದರೆ 3.9. ಕಾಣೆಯಾಗಿದ್ದ ನಾಲ್ಕು ಬ್ರಿಕ್ಸ್ ಇದೇ. ಉಂಗುರ ಸುಳ್ಳು ಹೇಳಿರಲಿಲ್ಲ. ಸಕ್ಕರೆಯ ಜೊತೆ ಕೋಣೆಯ ಕಾವನ್ನೂ ಹೇಳಿತ್ತು, ಎರಡನ್ನೂ ನಾವು ಸಕ್ಕರೆಯ ಲೆಕ್ಕಕ್ಕೇ ಬರೆದುಕೊಂಡಿದ್ದೆವು.

ಇದರ ಮೂಲ ಸಿಲಿಕಾನಿನ ಗುಣದಲ್ಲೇ ಇದೆ. ಒಂದು ಡಿಗ್ರಿ ಬಿಸಿಯಾದರೆ ಸಿಲಿಕಾನಿನ ಸೂಚ್ಯಂಕ ಸುಮಾರು 0.00018ರಷ್ಟು ಏರುತ್ತದೆ. ಒಂದು ಬ್ರಿಕ್ಸ್ ಸಕ್ಕರೆ ನೀರಿನ ಸೂಚ್ಯಂಕವನ್ನು 0.0015ರಷ್ಟು ಏರಿಸುತ್ತದೆ, ಅಂದರೆ ಎಂಟು ಪಟ್ಟು ಹೆಚ್ಚು. ಕಾಗದದ ಮೇಲೆ ನೋಡಿದರೆ ಸಕ್ಕರೆಯೇ ಗೆಲ್ಲಬೇಕು. ಆದರೆ ಸಕ್ಕರೆ ಮುಟ್ಟುವುದು ಬೆಳಕಿನ ಸೆರಗನ್ನು. ಕಾವು ಮುಟ್ಟುವುದು ಬೆಳಕಿನ ಮೈಯನ್ನೇ. ಬೆಳಕಿನ ಬಹುಪಾಲು ಇರುವುದು ಸಿಲಿಕಾನಿನೊಳಗೆ. ಹಾಗಾಗಿ ಎಂಟು ಪಟ್ಟಿನ ಮುನ್ನಡೆ ಕರಗಿ, ಒಂದು ಡಿಗ್ರಿ ಕಾವು ಸುಮಾರು 0.65 ಬ್ರಿಕ್ಸಿನಷ್ಟು ಸದ್ದು ಮಾಡುತ್ತದೆ. ಸಿಲಿಕಾನ್ ಉಂಗುರ ಹುಟ್ಟಾ ಥರ್ಮಾಮೀಟರ್. ಬೇರೇನನ್ನಾದರೂ ಅಳೆಯುವ ಕೆಲಸ ಆಮೇಲಿನದು.

ಈ ಸಂಖ್ಯೆಗಳು ನನಗೆ ಹೊಸದಾಗಿರಲಿಲ್ಲ ಎನ್ನುವುದೇ ನೋವಿನ ಸಂಗತಿ. ತರಗತಿಯಲ್ಲಿ ವರ್ಷ ವರ್ಷ ಇದನ್ನು ಪಾಠ ಮಾಡಿದ್ದೇನೆ. ಫೋಟಾನಿಕ್ಸಿನಲ್ಲಿ, ಅಂದರೆ ಬೆಳಕಿನ ಚಿಪ್ಪುಗಳ ವಿದ್ಯೆಯಲ್ಲಿ, ಬೆಳಕನ್ನು ಆಳುವುದೇ ಹೀಗೆ: ಉಂಗುರದ ಪಕ್ಕದಲ್ಲಿ ಲೋಹದ ಸಣ್ಣ ಹೀಟರ್ ಇಟ್ಟು, ಕಾವು ಕೊಟ್ಟು, ಗುಂಡಿಯನ್ನು ಬೇಕಾದ ಬಣ್ಣಕ್ಕೆ ತಂದು ಕೂರಿಸುತ್ತಾರೆ. ಮಾಡುವಾಗ ಕಾಲುವೆಯ ಅಗಲ ಒಂದೇ ಒಂದು ನ್ಯಾನೋಮೀಟರ್ ಹೆಚ್ಚುಕಮ್ಮಿಯಾದರೂ ಗುಂಡಿ ಹತ್ತಿರ ಹತ್ತಿರ ಒಂದು ನ್ಯಾನೋಮೀಟರ್ ಸರಿದಿರುತ್ತದೆ, ಆದ್ದರಿಂದ ಹೀಟರ್ ಇಲ್ಲದೆ ಎರಡು ಉಂಗುರಗಳು ಒಂದೇ ಬಣ್ಣಕ್ಕೆ ಒಪ್ಪುವುದೇ ಕಷ್ಟ. 2005ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮಿಖಾಲ್ ಲಿಪ್ಸನ್ ಅವರ ತಂಡ 12 ಮೈಕ್ರೋಮೀಟರ್ ಅಡ್ಡಳತೆಯ ಉಂಗುರಕ್ಕೆ ವಿದ್ಯುತ್ತಿನಿಂದ ಎಲೆಕ್ಟ್ರಾನುಗಳನ್ನು ತುಂಬಿ ತೆಗೆದು ಬೆಳಕನ್ನು ಆರಿಸಿ ಹೊತ್ತಿಸಿ ತೋರಿಸಿತು. ಆಮೇಲೆ ಉಂಗುರಗಳು ದತ್ತಾಂಶ ಸಾಗಿಸುವ ಚಿಪ್ಪುಗಳಿಗೆ ಇಳಿದವು. ಅಲ್ಲೂ ಬಗಲಲ್ಲಿ ಹೀಟರ್, ಅದನ್ನು ಕಾಯಲು ಒಂದು ಸರ್ಕ್ಯೂಟ್. ಸಂಪರ್ಕದ ಪಾಠದಲ್ಲಿ ಕಾವನ್ನು ಮೊದಲ ಸಾಲಿನಲ್ಲಿ ಹೇಳುವ ನಾನು ಸಕ್ಕರೆಯ ಪ್ರಯೋಗದಲ್ಲಿ ಅದನ್ನು ಪೂರ್ತಿ ಮರೆತಿದ್ದೆ.

ಮರೆತದ್ದು ಒಂದು ದಿನದ ಕಥೆಯೂ ಅಲ್ಲ. ಚಿಪ್ಪಿನ ಮಾಸ್ಕ್, ಅಂದರೆ ಅದರ ನಕ್ಷೆ, ಬರೆಯುವಾಗ ಹುಡುಗಿ ಕೇಳಿದ್ದಳು, “ಸರ್, ಒಂದು ಉಂಗುರಕ್ಕೆ ಮೇಲೆ ಗಾಜಿನ ಪದರ ಮುಚ್ಚಿಯೇ ಇಡೋಣ್ವಾ?” ಮುಚ್ಚಿದ ಉಂಗುರಕ್ಕೆ ಸಕ್ಕರೆ ಮುಟ್ಟುವುದಿಲ್ಲ, ಕಾವು ಮಾತ್ರ ಮುಟ್ಟುತ್ತದೆ. ಮುಚ್ಚಲು ಗಾಜಿನ ಪದರ ಕೂರಿಸಬೇಕು, ಇನ್ನೊಂದು ಸುತ್ತು ಲಿಥೋಗ್ರಫಿ (ನಕ್ಷೆಯನ್ನು ಚಿಪ್ಪಿನ ಮೇಲೆ ಮೂಡಿಸುವ ಕೆಲಸ) ಮಾಡಿ ಉಳಿದ ಉಂಗುರಗಳ ಮೇಲೆ ಕಿಟಕಿ ತೆಗೆಯಬೇಕು. ಖರ್ಚು, ಕ್ಲೀನ್‌ರೂಮಿನ ಸರದಿ, ಎರಡು ತಿಂಗಳು. ಬೇಡ ಎಂದವನು ನಾನು.

ಕೈಸಾಧನದೊಳಗಿನ ಪಟ್ಟಿ

ಮುಂದಿನ ಭಾನುವಾರ ಹುಡುಗಿಯ ಮನೆಯವರ ಆಲೆಮನೆಗೇ ಹೋದೆ. ವಿಶ್ವೇಶ್ವರಯ್ಯ ನಾಲೆಯ ನೀರಿನ ಊರು. ಗಾಣದಿಂದ ಹಸಿರು ಬಣ್ಣದ ಹಾಲು ತೊಟ್ಟಿಗೆ ಬೀಳುತ್ತಿತ್ತು. ಕೊಪ್ಪರಿಗೆಯಲ್ಲಿ ಸುಣ್ಣದ ತಿಳಿ ಹಾಕಿದ ಹಾಲು ಕಾದು ಮಡ್ಡಿ ಮೇಲೇರುತ್ತಿತ್ತು, ಒಬ್ಬರು ಜಾಲರಿಯಲ್ಲಿ ಅದನ್ನು ತೆಗೆದು ಹಾಕುತ್ತಿದ್ದರು. ಅವಳ ಅಪ್ಪ ಕೈಸಾಧನ ತಂದುಕೊಟ್ಟರು. ಬೆಳಿಗ್ಗೆ ಏಳಕ್ಕೆ ನೋಡಿದೆ, ಮಧ್ಯಾಹ್ನ ಬಿಸಿಲಲ್ಲಿ ಅದೇ ಬಾಟಲಿಯ ಹಾಲನ್ನು ಮತ್ತೆ ನೋಡಿದೆ. ಎರಡು ಸಲವೂ 19. ಅದರ ಮೈಮೇಲೆ ಉಷ್ಣಾಂಶ ತಾನೇ ಸರಿದೂಗಿಸುತ್ತದೆ ಎಂಬ ಮೂರಕ್ಷರದ ಗುರುತು ಇತ್ತು, ಎಟಿಸಿ. ಇಂಥ ಕೈಸಾಧನಗಳ ಒಳಗೆ ಎರಡು ಲೋಹಗಳನ್ನು ಬೆಸೆದ ಸಣ್ಣ ಪಟ್ಟಿ ಇರುತ್ತದೆ. ಕಾವಿಗೆ ಎರಡು ಲೋಹ ಬೇರೆ ಬೇರೆ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಬಾಗಿ ಒಳಗಿನ ಅಳತೆಯನ್ನು ಅಷ್ಟು ಮಾತ್ರ ಸರಿಸುತ್ತದೆ. ನಾನು ಮಾಸ್ಕಿನಿಂದ ತೆಗೆಸಿದ ಮುಚ್ಚಿದ ಉಂಗುರದ ಕೆಲಸವನ್ನು ಆ ಪಟ್ಟಿ ಸದ್ದಿಲ್ಲದೆ ಮಾಡುತ್ತಿತ್ತು. ಕೈಯಲ್ಲಿ ಅದನ್ನು ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದೆ.

ಮೈಸೂರಿಗೆ ಬಂದು ಎರಡು ಹಂತದಲ್ಲಿ ಸರಿಪಡಿಸಿದೆವು. ಮೊದಲು, ಇದ್ದ ಚಿಪ್ಪಿನ ಕೆಳಗೆ ವಿದ್ಯುತ್ತಿನಿಂದ ಬಿಸಿ-ತಂಪು ಮಾಡುವ ಪೆಲ್ಟಿಯರ್ ತಟ್ಟೆ ಇಟ್ಟು ಪೀಠವನ್ನು 25 ಡಿಗ್ರಿಗೆ ಬಿಗಿದೆವು. 0.05 ಡಿಗ್ರಿಯಷ್ಟು ಓಲಾಡುತ್ತದೆ. ಬ್ರಿಕ್ಸಿಗೆ ತಿರುಗಿಸಿದರೆ 0.03ರ ಹತ್ತಿರ, ನಮ್ಮ ಕೆಲಸಕ್ಕೆ ಸಾಕು. ಹೊಸದಾಗಿ ತಂದ ಹಾಲು ಮಧ್ಯಾಹ್ನ ಎರಡೂವರೆಗೇ 19.2 ತೋರಿಸಿತು, ಕೈಸಾಧನ 19.

ಆಗಲೇ ನಿಜವಾದ ಕೊಳೆ ಕಾಣಿಸಿದ್ದು. ಕಾವು ಕಟ್ಟಿಹಾಕಿದ ಮೇಲೂ ಹಸಿ ಹಾಲು ಹರಿಸಿದಾಗ ಓದು ಇಪ್ಪತ್ತು ನಿಮಿಷದಲ್ಲಿ ಮೆಲ್ಲಗೆ ಏರಿತು, ಆಮೇಲೆ ನೀರು ಬಿಟ್ಟರೂ 0.03 ನ್ಯಾನೋಮೀಟರ್ ಉಳಿಯಿತು. ನನ್ನ ಮೊದಲ ಅನುಮಾನ ಸುಳ್ಳಲ್ಲ, ಆದರೆ ನಾನು ಹೊರಿಸಿದ ಅಪರಾಧದ ಹತ್ತನೇ ಒಂದು ಪಾಲೂ ಅದರದ್ದಲ್ಲ. ಸುಣ್ಣ ಹಾಕಿ ಕಾಯಿಸಿ ಮಡ್ಡಿ ತೆಗೆದ ಹಾಲನ್ನು ತಣಿಸಿ ಹರಿಸಿದಾಗ ಈ ಏರಿಕೆ ಕಾಣಲಿಲ್ಲ. ದೊಡ್ಡ ಕಾವಿನ ಸರಿತ ಮೇಲೆ ಕೂತಿದ್ದಾಗ ಈ ಸಣ್ಣದು ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ.

ಎರಡನೇ ಹಂತ ಹೊಸ ಚಿಪ್. ಈಗ ಜೋಡಿ ಉಂಗುರಗಳು: ಒಂದು ತೆರೆದದ್ದು, ನೂರು ಮೈಕ್ರೋಮೀಟರ್ ಆಚೆ ಗಾಜು ಮುಚ್ಚಿದ್ದು. ಅಷ್ಟು ಹತ್ತಿರದಲ್ಲಿ ಎರಡರ ಕಾವೂ ಒಂದೇ. ಒಂದರ ಸರಿತದಿಂದ ಇನ್ನೊಂದನ್ನು ನೇರವಾಗಿ ಕಳೆದರೆ ಮುಗಿಯಿತು ಎಂದುಕೊಳ್ಳುವುದು ಇಲ್ಲಿ ಎರಡನೇ ಎಡವುಗಲ್ಲು. ನೀರು ಬಿಸಿಯಾದರೆ ಅದರ ಸೂಚ್ಯಂಕ ಇಳಿಯುತ್ತದೆ, ಗಾಜಿನದು ತುಸು ಏರುತ್ತದೆ. ಹಾಗಾಗಿ ತೆರೆದ ಉಂಗುರ ಡಿಗ್ರಿಗೆ 0.069 ಸರಿದರೆ ಮುಚ್ಚಿದ್ದು 0.078 ಸರಿಯಿತು. ನೇರ ಕಳೆದರೆ ಆರು ಡಿಗ್ರಿಗೆ ಅರ್ಧ ಬ್ರಿಕ್ಸ್ ಮತ್ತೆ ಉಳಿಯುತ್ತದೆ. ಮೊದಲು ಬರೀ ನೀರಿನಲ್ಲಿ 20ರಿಂದ 35 ಡಿಗ್ರಿವರೆಗೆ ಕಾಯಿಸಿ ಎರಡರ ಅನುಪಾತ ತೆಗೆದಿಟ್ಟುಕೊಂಡು, ಮುಚ್ಚಿದ ಉಂಗುರದ ಸರಿತವನ್ನು ಆ ಅನುಪಾತದಿಂದ ಗುಣಿಸಿ ಕಳೆಯಬೇಕು. ಹಾಗೆ ಮಾಡಿದ ಮೇಲೆ ಪೆಲ್ಟಿಯರ್ ಆರಿಸಿ, ಫ್ಯಾನನ್ನೂ ನಿಲ್ಲಿಸಿ, ಇಡೀ ದಿನ ಒಂದೇ ಸಕ್ಕರೆ ದ್ರಾವಣ ಹರಿಸಿದೆವು. ಎರಡು ಗುಂಡಿಗಳೂ ಬಿಸಿಲೇರಿದಂತೆ ಏರಿ ಬಿಸಿಲಿಳಿದಂತೆ ಇಳಿದವು, ಅವುಗಳಿಂದ ತೆಗೆದ ಬ್ರಿಕ್ಸ್ ಗೆರೆ ಮಲಗಿದ ಹಾಗೆ ನೆಟ್ಟಗಿತ್ತು.

ಆ ಗ್ರಾಫನ್ನು ಫೋನಿನಲ್ಲಿ ಅಪ್ಪನಿಗೆ ತೋರಿಸಿದಳಂತೆ. ಮುಂದಿನ ಸಲ ಹೋದಾಗ ಅವರು ಕೊಪ್ಪರಿಗೆಯ ಮುಂದೆ ನಿಂತು, ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಿದ್ದರು. “ಹಾಲು ನೋಡಕ್ಕೆ ನನ್ತಾವ್ಲೇ ಐತೆ ಮೇಷ್ಟ್ರೇ. ಈ ಪಾಕ ಇಳ್ಸೋ ಗಳಿಗೆ ಹೇಳ್ತದಾ ನಿಮ್ ಉಂಗ್ರ? ಅದೊಂದ್ ಹೇಳ್ಬುಟ್ರೆ ಸಾಕು.”

ಹನಿ ಬಿಡುವ ಆ ಗಳಿಗೆಯಲ್ಲಿ ಪಾಕ 116ರಿಂದ 118 ಡಿಗ್ರಿ ಇರುತ್ತದೆ. 80 ಬ್ರಿಕ್ಸ್ ದಾಟಿದರೆ ಸೂಚ್ಯಂಕ 1.49 ಮೀರುತ್ತದೆ. ನೀರಿನಿಂದ ಅಲ್ಲಿಗೆ ಗುಂಡಿಯ ಸರಿತ 11 ನ್ಯಾನೋಮೀಟರಿಗೂ ಹೆಚ್ಚು, ಕಾವಿನದ್ದು ಅದರ ಮೇಲೆ ಇನ್ನೂ ಆರೂವರೆ. ನಮ್ಮ ಬಾಚಣಿಗೆಯ ಹಲ್ಲಿನ ಅಂತರವೇ 9, ಆದ್ದರಿಂದ ಗುಂಡಿ ಮುಂದಿನ ಹಲ್ಲಿನ ಜಾಗಕ್ಕೆ ಹೋಗಿ ಕೂತು ಯಾವ ಹಲ್ಲು ಯಾವುದೆಂದೇ ತಿಳಿಯದು. ತ್ರಿಜ್ಯವನ್ನು 5 ಮೈಕ್ರೋಮೀಟರಿಗೆ ಇಳಿಸಿದರೆ ಅಂತರ 18 ಆಗುತ್ತದೆ. ಹುಡುಗಿ ಈಗ ಅದರ ಮಾಸ್ಕ್ ಬರೆಯುತ್ತಿದ್ದಾಳೆ. ಪ್ರತಿ ತೆರೆದ ಉಂಗುರದ ಪಕ್ಕದಲ್ಲೂ ಒಂದು ಮುಚ್ಚಿದ್ದು ಇದೆ.